ಹಾಲು, ತತ್ತಿ ಇಲ್ಲದ ಊಟ: ದೊಡ್ಡವರಿಗೆ ಸಾಕೇ? ಮಕ್ಕಳಿಗೆ ಸಾಕೇ?

ನೌಕರಿಗೆಂದು ಬೆಂಗಳೂರು ಸೇರಿದ ಮಗನೋ ಮಗಳೋ ಹಬ್ಬಕ್ಕೆ ಊರಿಗೆ ಬಂದಾಗ "ನಾನು ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟೇನಿ" ಎಂದು ಹೇಳುವುದು ಈಗ ನಮ್ಮ ಭಾಗದಲ್ಲಿಯೂ ಕೇಳಿಬರುತ್ತಿದೆ. ಮಾಂಸ, ತತ್ತಿಗಳ ಜೊತೆಗೆ ಹೈನವನ್ನೂ ತ್ಯಜಿಸುವ ಈ ಪದ್ಧತಿಗೆ ವೀಗನ್ ಆಹಾರವೆಂದು ಹೆಸರು. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು.

ಆದರೆ ಹೆಸರೇ ಕೇಳದೆ ಇದೇ ಊಟ ಉಣ್ಣುವ ಮನೆಗಳು ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳಲ್ಲಿ ಉಂಟು. ಮನೆಯಲ್ಲಿ ಎಮ್ಮೆ ಇದ್ದರೂ ಹಾಲು ಡೇರಿಗೆ ಹೋಗುತ್ತದೆ. ಮಗುವಿನ ಪಾಲಿಗೆ ಬರುವುದು ಚಹಾದಲ್ಲಿ ಬಿದ್ದ ನಾಲ್ಕು ಹನಿ. ಒಬ್ಬರದು ವ್ರತ, ಇನ್ನೊಬ್ಬರದು ಕೊರತೆ. ದೇಹಕ್ಕೆ ಮಾತ್ರ ಎರಡೂ ಒಂದೇ. ಆದುದರಿಂದ ಇಂತಹ ಊಟದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರುವುದು ಅಗತ್ಯ.

ಸಸಾರಜನಕದ ಲೆಕ್ಕ

ಹಾಲು, ಮಾಂಸ ಇಲ್ಲದಿದ್ದರೆ ಶಕ್ತಿ ಬರುವುದಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. 55 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 45 ಗ್ರಾಂ ಸಸಾರಜನಕ ಬೇಕು. 300 ಗ್ರಾಂ ಜೋಳದಿಂದ ಸುಮಾರು 30 ಗ್ರಾಂ, 60 ಗ್ರಾಂ ಬೇಳೆಕಾಳಿನಿಂದ 13 ಗ್ರಾಂ, ಒಂದು ಹಿಡಿ ಶೇಂಗಾದಿಂದ 6 ಗ್ರಾಂ ದೊರೆಯುತ್ತದೆ. ಲೆಕ್ಕ ತುಂಬಿತು.

ಆದರೆ ಕಾಳು ತಪ್ಪಿದರೆ ಲೆಕ್ಕ ಕೆಡುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಹೇರಳ. ಜೋಳವನ್ನೇ ನೆಚ್ಚಿದ ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿ ಚರ್ಮ ಕಪ್ಪಿಟ್ಟು ಬಿರಿಯುವ ಪೆಲಾಗ್ರ ರೋಗವನ್ನು ಹೈದರಾಬಾದಿನ ಪೋಷಣ ವಿಜ್ಞಾನಿಗಳಾದ ಡಾ. ಸಿ. ಗೋಪಾಲನ್ ಹಾಗೂ ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿಯೇ ವರದಿ ಮಾಡಿದ್ದರು. ನಮ್ಮ ಹಿರಿಯರು ರೊಟ್ಟಿಯ ಜೊತೆಗೆ ಮಡಿಕೆಕಾಳು, ಹೆಸರು, ಹುರುಳಿಯ ಪಲ್ಯ ಹಾಗೂ ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿ ಇಟ್ಟುಕೊಂಡದ್ದು ಬರಿಯ ಬಾಯಿರುಚಿಗಲ್ಲ. ಬರಿಯ ಖಾರ ಹಚ್ಚಿಕೊಂಡು ತಿಂದ ರೊಟ್ಟಿ ಅರ್ಧ ಊಟವೇ ಸರಿ.

ತುಂಗಭದ್ರಾ ಕಾಲುವೆಯ ನೀರು ಬಂದ ಗಂಗಾವತಿ ಭಾಗದಲ್ಲಿ ಜೋಳದ ಜಾಗಕ್ಕೆ ಬತ್ತ ಬಂದಿತು. ಪಾಲಿಶ್ ಮಾಡಿದ ಬಿಳಿ ಅನ್ನದಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಅನ್ನ ಉಣ್ಣುವವರು ಬೇಳೆ, ಸೊಪ್ಪುಗಳನ್ನು ಇನ್ನೂ ಹೆಚ್ಚಿಸತಕ್ಕದ್ದು.

ಕಬ್ಬಿಣ ಮತ್ತು ಸುಣ್ಣ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ, ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಸಜ್ಜೆ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣ ಇದ್ದರೂ ದೇಹ ಅದನ್ನು ಹೀರಿಕೊಳ್ಳುವುದು ಕಷ್ಟ. ಕಾಳನ್ನು ನೆನೆಸಿ ಮೊಳಕೆ ಬರಿಸಬೇಕು. ಊಟದಲ್ಲಿ ಲಿಂಬೆ ಹಿಂಡಬೇಕು, ಅಥವಾ ನೆಲ್ಲಿಕಾಯಿ, ಪೇರಲಹಣ್ಣು ತಿನ್ನಬೇಕು. ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಬಿಡಬೇಕು.

ಹಾಲು ಬಿಟ್ಟವರಿಗೆ ಸುಣ್ಣದ ಅಂಶ ಎಲ್ಲಿಂದ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ನುಗ್ಗೆಸೊಪ್ಪಿನಲ್ಲಿ 300ಕ್ಕೂ ಮಿಕ್ಕಿ ಸುಣ್ಣವಿದೆ; ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಗಷ್ಟೇ ಮೀಸಲಿಡಬೇಕಾಗಿಲ್ಲ.

ಹೊಲದಲ್ಲಿ ಬೆಳೆಯದ ಜೀವಸತ್ವ

ಇಷ್ಟೆಲ್ಲ ಮಾಡಿದರೂ ತುಂಬದ ಒಂದು ಕೊರತೆ ಇದೆ: ಬಿ-12 ಜೀವಸತ್ವ. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಹಾಲು, ಮೊಸರು, ತತ್ತಿ, ಮೀನು, ಮಾಂಸಗಳಲ್ಲಿ ಇದು ದೊರೆಯುತ್ತದೆ. ಯಾವ ಕಾಳು, ಸೊಪ್ಪು, ಹಣ್ಣಿನಲ್ಲಿಯೂ ನೆಚ್ಚಬಹುದಾದಷ್ಟು ಇಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಅದು ಇಲ್ಲದಿದ್ದರೆ ರಕ್ತ ಕಡಿಮೆಯಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ಮರೆವು ಬರುತ್ತದೆ. ದೊಡ್ಡವರ ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಹಾಲು ಬಿಟ್ಟ ಕೂಡಲೇ ಏನೂ ಆಗುವುದಿಲ್ಲ. ಮೋಸ ಹೋಗುವುದು ಇಲ್ಲಿಯೇ.

ಕೂಸಿಗೆ ಅಂತಹ ದಾಸ್ತಾನು ಇಲ್ಲ. ತಾಯಿಯಲ್ಲಿ ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಕೊರತೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1962ರಲ್ಲಿ ಇಂತಹ ಶಿಶುಗಳನ್ನು ಗುರುತಿಸಿದರು. ಕೂಸು ಮಂಕಾಗುತ್ತದೆ, ಕೈಕಾಲಿನ ಚರ್ಮ ಕಪ್ಪಾಗುತ್ತದೆ, ಕುಳಿತುಕೊಳ್ಳಲು ಕಲಿತದ್ದು ಮತ್ತೆ ಮರೆಯುತ್ತದೆ. ಬೇಗ ಬಿ-12 ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಮಿದುಳಿಗೆ ಆದ ಹಾನಿ ಉಳಿಯಬಹುದು. ಬಸುರಿಯರಿಗೆ ಸರಕಾರ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಕಬ್ಬಿಣ ಹಾಗೂ ಫೋಲಿಕ್ ಆಮ್ಲ ಇರುತ್ತವೆ, ಬಿ-12 ಇರುವುದಿಲ್ಲ. ಅದನ್ನು ತಪ್ಪದೆ ನುಂಗಬೇಕು. ಆದರೆ ಹಾಲು-ತತ್ತಿ ಮುಟ್ಟದ ಬಸುರಿ, ಬಾಣಂತಿಯರು ವೈದ್ಯರಲ್ಲಿ ಬಿ-12ನ್ನು ಬೇರೆಯಾಗಿ ಕೇಳಿ ಪಡೆಯತಕ್ಕದ್ದು.

ಮಕ್ಕಳ ಮಾತು ಬೇರೆ

ಅಮೆರಿಕದ ಪೋಷಣ ತಜ್ಞರ ಸಂಸ್ಥೆಯು 2016ರಲ್ಲಿ, ಸರಿಯಾಗಿ ಯೋಜಿಸಿದ ವೀಗನ್ ಆಹಾರ ಎಲ್ಲ ವಯಸ್ಸಿನವರಿಗೂ ಆಗುತ್ತದೆ ಎಂದಿತ್ತು. 2025ರ ಹೊಸ ಹೇಳಿಕೆಯಲ್ಲಿ ಅದು ದೊಡ್ಡವರ ಬಗ್ಗೆ ಮಾತ್ರ ಹೇಳಿದೆ. ಬಸುರಿ, ಬಾಣಂತಿ, ಮಕ್ಕಳನ್ನು ಅದರಲ್ಲಿ ಸೇರಿಸಿಲ್ಲ. ಎಲ್ಲಾ ಸೌಕರ್ಯವಿರುವ ದೇಶದಲ್ಲಿಯೇ ಇಷ್ಟು ಎಚ್ಚರಿಕೆ ಇರುವಾಗ ನಾವು ಉದಾಸೀನ ಮಾಡಬಾರದು.

ಮಗುವಿನ ಹೊಟ್ಟೆ ಚಿಕ್ಕದು. ನೀರಾದ ಗಂಜಿ, ಸಾರುಅನ್ನದಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೊಳಕೆ ಬರಿಸಿದ ರಾಗಿ ಅಥವಾ ಸಜ್ಜೆಯ ಗಟ್ಟಿ ಅಂಬಲಿ, ಹೆಸರುಬೇಳೆ, ಒಂದು ಚಮಚ ಎಣ್ಣೆ, ನುಣ್ಣಗೆ ಕುಟ್ಟಿದ ಶೇಂಗಾಪುಡಿ ಸೇರಿಸಿ ಕೊಡಬೇಕು. ದೊಡ್ಡದಾದಂತೆ ದಿನಕ್ಕೆ ನಾಲ್ಕೈದು ಸಲ ಉಣಿಸಬೇಕು. ಇಡೀ ಶೇಂಗಾಕಾಳು ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ಸಣ್ಣ ಕೂಸುಗಳಿಗೆ ಕೊಡಕೂಡದು. ಬೂಸ್ಟು ಹಿಡಿದ ಶೇಂಗಾ ವಿಷ, ಯಾರೂ ತಿನ್ನಕೂಡದು.

2021ರ ಡಿಸೆಂಬರಿನಲ್ಲಿ ನಮ್ಮ ಕೊಪ್ಪಳ ಸೇರಿ ಏಳು ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ತತ್ತಿ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಮಗೆ ತತ್ತಿ ಬೇಕೇ ಬೇಕೆಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಆಡಿದ ಮಾತು ನಾಡಿಗೆಲ್ಲ ಕೇಳಿಸಿತು. ತತ್ತಿ ಒಲ್ಲದವರಿಗೆ ಬಾಳೆಹಣ್ಣಿನ ಏರ್ಪಾಡು ಆಯಿತು. ಯಾರ ಆಚಾರವನ್ನೂ ಹೀಗಳೆಯಬೇಕಾಗಿಲ್ಲ. ಆದರೆ ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಸಸಾರಜನಕವೂ ಬಿ-12ವೂ ಇವೆ. ಬಾಳೆಹಣ್ಣಿನಲ್ಲಿರುವ ಸಸಾರಜನಕ ಒಂದು ಗ್ರಾಮಿನಷ್ಟು, ಬಿ-12 ಇಲ್ಲ. ಹಣ್ಣು ಆರಿಸಿಕೊಂಡ ಮಗುವಿಗೆ ಮನೆಯಲ್ಲಿ ಹಾಲು-ಮಜ್ಜಿಗೆ, ಕಾಳು ಹೆಚ್ಚಿಗೆ ಕೊಡುವುದು ತಂದೆತಾಯಿಗಳ ಹೊಣೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಶಾಲೆ, ಅಂಗನವಾಡಿಗಳಲ್ಲಿ ಹಾಲು ಆರಂಭವಾದದ್ದೂ ಇದೇ ಕೊರತೆಯನ್ನು ನೀಗಲೆಂದು.

ರೈತರು ಮಾಡಬೇಕಾದದ್ದು

1. ಜೋಳ, ಸಜ್ಜೆಯ ಹೊಲದಲ್ಲಿ ತೊಗರಿ, ಹೆಸರು, ಮಡಿಕೆ, ಅಲಸಂದಿಯ ಅಕ್ಕಡಿ ಸಾಲು ಬಿಡಬೇಡಿರಿ. ಮಾರುವ ಮೊದಲು ವರ್ಷದ ಮನೆಪಾಲನ್ನು ಎತ್ತಿಡಿರಿ.

2. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಲಿಂಬೆ, ಒಂದು ಪೇರಲ ಗಿಡ ಹಚ್ಚಿರಿ. ಬಚ್ಚಲ ನೀರಿಗೆ ರಾಜಗಿರಿ, ಮೆಂತ್ಯೆ ಬೆಳೆಯಿರಿ.

3. ಡೇರಿಗೆ ಹಾಲು ಹಾಕುವ ಮೊದಲು ಮಕ್ಕಳ ಹಾಗೂ ಬಸುರಿಯರ ಲೋಟ ತುಂಬಿರಿ.

4. ಹಾಲನ್ನೂ ಬಿಡುವೆನೆಂಬ ವಯಸ್ಕರು ಬಿ-12 ಗುಳಿಗೆಯನ್ನು ವೈದ್ಯರ ಸಲಹೆಯಂತೆ ತಪ್ಪದೆ ತೆಗೆದುಕೊಳ್ಳಬೇಕು. ಮಕ್ಕಳಿಗೆ ಈ ಪದ್ಧತಿ ಹಚ್ಚುವವರು ವೈದ್ಯರ ಉಸ್ತುವಾರಿ ಇಲ್ಲದೆ ಹಚ್ಚಕೂಡದು.

5. ಪ್ರತಿ ತಿಂಗಳು ಅಂಗನವಾಡಿಯಲ್ಲಿ ಕೂಸಿನ ತೂಕ ನೋಡಿಸಿರಿ. ತೂಕ ಏರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ.

ಹೊಲದ ಬೆಳೆಯಿಂದ ದೊಡ್ಡವರು ಗಟ್ಟಿಯಾಗಿ ಬಾಳಬಹುದು, ಬಿ-12 ಒಂದನ್ನು ಹೊರಗಿನಿಂದ ಪಡೆದರೆ. ಬೆಳೆಯುವ ಕೂಸಿಗೆ ಮಾತ್ರ ಬರಿಯ ನಂಬಿಕೆ ಸಾಲದು. ಎಳೆಯ ಪೈರಿಗೆ ತಕ್ಕ ಕಾಲಕ್ಕೆ ಗೊಬ್ಬರ ತಪ್ಪಿದರೆ ತೆನೆಗಟ್ಟಿದಾಗ ಹಾಕಿ ಪ್ರಯೋಜನವಿಲ್ಲವೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ.