ಮೋಟಾರು ಓಡುತ್ತದೆ, ದೋಣಿ ಓಡುವುದಿಲ್ಲ

ಪ್ರಶ್ನೆ: ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ. ಔಟ್‌ಬೋರ್ಡ್ ಮೋಟಾರು ಒಂದೇ ಎಳೆತಕ್ಕೆ ಚಾಲೂ ಆಗುತ್ತದೆ. ಆದರೆ ಎಷ್ಟು ಥ್ರಾಟಲ್ ಕೊಟ್ಟರೂ ವೇಗ ಬರುವುದಿಲ್ಲ. ಯಾಕೆ?

ಉತ್ತರ: ಸ್ಪ್ಯಾನರ್ ಹಿಡಿಯುವ ಮೊದಲು ಸದ್ದಿಗೆ ಕಿವಿಗೊಡಿ. ಅರ್ಧ ಉತ್ತರ ಅಲ್ಲೇ ಇದೆ.

ಮೋಟಾರು ಕಿರುಚಿಕೊಂಡರೂ ದೋಣಿ ಮುಂದೆ ಹೋಗದಿದ್ದರೆ ದೋಷ ನೀರಿನೊಳಗಿದೆ. ಪ್ರೊಪೆಲ್ಲರ್‌ನ ಅಲಗು ಮುರಿದಿರಬಹುದು, ಇಲ್ಲವೇ ಅದರ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಬುಷ್‌ನ ಒಳಗಿನ ಲೋಹಕ್ಕೂ ಹೊರಗಿನದಕ್ಕೂ ಸೇರುವಂತೆ ಬಣ್ಣದ ಒಂದು ಗೆರೆ ಎಳೆದು, ಒಂದು ಸುತ್ತು ಹೋಗಿ ಬನ್ನಿ. ಗೆರೆ ತುಂಡಾಗಿದ್ದರೆ ಕಳ್ಳ ಸಿಕ್ಕಿಬಿದ್ದ.

ಸದ್ದೇ ಏರದೆ ಮೋಟಾರು ಗೊರಗೊರ ಅಂದರೆ ಇಂಧನ ನೋಡಿ. ಟ್ಯಾಂಕಿನ ಗಾಳಿಕಿಂಡಿ ತೆರೆದಿದೆಯೇ? ನಗಬೇಡಿ, ಇದನ್ನು ಮರೆಯುವವರು ಬಹಳ. ಓಡುವಾಗ ಪೈಪಿನ ರಬ್ಬರ್ ಬಲ್ಬ್ ಚಪ್ಪಟೆಯಾದರೆ ಟ್ಯಾಂಕಿನ ಕಡೆ ತಡೆ ಇದೆಯೆಂದು ಅರ್ಥ. ಅದನ್ನು ಹಿಸುಕಿದಾಗ ಮೋಟಾರು ಚೇತರಿಸಿಕೊಂಡರೆ ಇಂಧನ ಪಂಪಿನ ಮೇಲೆ ಅನುಮಾನಪಡಿ. ಫಿಲ್ಟರ್ ಬಟ್ಟಲಿನ ತಳದಲ್ಲಿ ನೀರಿನ ಗುಳ್ಳೆ ಕಂಡರೆ ಟ್ಯಾಂಕನ್ನೇ ಖಾಲಿ ಮಾಡಬೇಕು.

ಸೀಮೆಎಣ್ಣೆ ಮೋಟಾರಾದರೆ ಪ್ಲಗ್‌ಗೆ ಬೇಗ ಮಸಿ ಹಿಡಿಯುತ್ತದೆ. ಎರಡು ಸಿಲಿಂಡರಿನಲ್ಲಿ ಒಂದರ ಪ್ಲಗ್ ಮಾತ್ರ ಒದ್ದೆಯಾಗಿ ಕಪ್ಪಗಿದ್ದರೆ, ಆ ಸಿಲಿಂಡರ್ ಉರಿಯುತ್ತಲೇ ಇಲ್ಲ. ನಿಲ್ಲಿಸುವ ಮುಂಚೆ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ. ದಡ ಕಂಡ ಕೂಡಲೇ ಸೀಮೆಎಣ್ಣೆಯಲ್ಲೇ ಬಂದ್ ಮಾಡುವ ಅವಸರ ಬೇಡ.

ಅಂದಹಾಗೆ, ಮೋಟಾರಿನಿಂದ ಪಿಚಕಾರಿಯಂತೆ ಚಿಮ್ಮುವ ನೀರು ನಿಂತಿದ್ದರೆ ಈ ಪರೀಕ್ಷೆಯೆಲ್ಲ ಆಮೇಲೆ. ಮೊದಲು ಮೋಟಾರು ನಿಲ್ಲಿಸಿ.