ಗುಜರಿಯಿಂದ ಎದ್ದು ಬೆಂಗಳೂರಿಗೆ ಹಾರಿದ ಬಾಂಬರ್‌ಗಳು

ಯುದ್ಧಕಾಲದ ಟ್ಯಾಂಕು, ಜೀಪುಗಳನ್ನು ಕೆಸರಿನಿಂದ ಎಳೆದು ತಂದು ರಿಪೇರಿ ಮಾಡೋ ವಿಡಿಯೋಗಳ ಹುಚ್ಚು ನನಗೆ ಇಂಜಿನಿಯರಿಂಗ್ ಕಾಲದಿಂದ ಇದೆ. ಅದರಲ್ಲಿ ಅಚ್ಚುಮೆಚ್ಚಿನದು ಎಸ್ಟೋನಿಯಾದ ಟಿ-34. 56 ವರ್ಷ ಸರೋವರದ ತಳದಲ್ಲಿ ಹೂತಿದ್ದ ಈ ಟ್ಯಾಂಕನ್ನು 2000ದ ಸೆಪ್ಟೆಂಬರ್‌ನಲ್ಲಿ ಬುಲ್ಡೋಜರ್ ಕಟ್ಟಿ ಎಳೆದರು. ತುಕ್ಕು ಅಷ್ಟಾಗಿ ಹಿಡಿದಿರಲಿಲ್ಲ. ಕಾರಣ ಸರಳ: ತುಕ್ಕಿಗೆ ಆಮ್ಲಜನಕ ಬೇಕು, ಆ ಕೆಸರಿನೊಳಗೆ ಅದು ಇರಲಿಲ್ಲ. ತಮಾಷೆ ಅಂದರೆ ಟ್ಯಾಂಕು ಸೋವಿಯತ್‌ನದು, ಮೈಮೇಲಿದ್ದದ್ದು ಜರ್ಮನ್ ಶಿಲುಬೆ. ಜರ್ಮನರು ವಶಪಡಿಸಿಕೊಂಡು ತಮ್ಮ ಗುರುತು ಬಳಿದಿದ್ದರು.

ಇಂಥ ಕತೆಗಳೆಲ್ಲ ಯುರೋಪಿನವು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲಕ್ಕಿಂತ ದೊಡ್ಡದು ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೇ ನಡೆದಿದೆ ಅಂತ.

ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಭಾರತದಿಂದ ಹಾರಿಸುತ್ತಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳು ಅಮೆರಿಕ ‘ಲೆಂಡ್-ಲೀಸ್’ ಒಪ್ಪಂದದಲ್ಲಿ ಕೊಟ್ಟವು. ಯುದ್ಧ ಮುಗಿದ ಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು, ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿದ ವಿಮಾನಗಳ ಪಾಲಿಗೆ ಬಂದದ್ದು ಮೂರನೆಯದು. ಮೀಟರ್‌ಗಳಿಗೆ ಸುತ್ತಿಗೆ ಏಟು, ಇಂಜಿನ್ನಿಗೆ ಮರಳು. ಸ್ವಾತಂತ್ರ್ಯ ಪಡೆಯಲಿರುವ ದೇಶಕ್ಕೆ ಒಂದು ಬಾಂಬರ್ ಕೂಡ ಉಳಿಸಬಾರದೆಂಬ ದುರುದ್ದೇಶವಿತ್ತು ಅಂತ ನಾನು ಹೇಳಲಾರೆ, ಒಪ್ಪಂದದ ಷರತ್ತೇ ಅಂಥದ್ದು. ಆದರೆ ಬಡ ದೇಶದ ನೆಲದ ಮೇಲೆ ನಿಂತು ಮಾಡಿದ ಆ ಕೆಲಸ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಸ್ವತಂತ್ರ ಭಾರತದ ವಾಯುಪಡೆಗೆ ಬಾಂಬರ್ ಬೇಕಿತ್ತು, ಕೊಳ್ಳಲು ಕಾಸಿರಲಿಲ್ಲ. ಆ ಗುಜರಿಯನ್ನು ಎಬ್ಬಿಸುವ ಕೆಲಸ ಎಚ್‌ಎಎಲ್ ಹೆಗಲಿಗೆ ಬಿತ್ತು. ಇದು ಹುಚ್ಚು ಧೈರ್ಯವೇನಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಆ ಕಾರ್ಖಾನೆ ಯುದ್ಧದ ವರ್ಷಗಳಲ್ಲಿ ಅಮೆರಿಕನ್ ವಿಮಾನಗಳ ಓವರ್‌ಹಾಲ್ ಕೇಂದ್ರವಾಗಿತ್ತು. ಅಲ್ಲಿನ ಫಿಟ್ಟರ್‌ಗಳ ಕೈ ಪಳಗಿತ್ತು.

ಕೆಲಸ ಎಷ್ಟು ಕಷ್ಟ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಬರೇಟರ್ ರೆಕ್ಕೆ ತುದಿಯಿಂದ ತುದಿಗೆ 110 ಅಡಿ. ನಾಲ್ಕು ಇಂಜಿನ್, ಒಂದೊಂದಕ್ಕೂ 14 ಸಿಲಿಂಡರ್. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದಿ ತೀರಾ ಸಣ್ಣದು. ಅಲ್ಲಿಗೆ ಮರಳು ಹೋಗಿ ಇಂಜಿನ್ ತಿರುಗಿತೋ, ಗೋಡೆಯೆಲ್ಲ ಗೀರು, ಬೇರಿಂಗ್ ಖಲಾಸ್. ತಿರುಗಿಸುವ ಮೊದಲೇ ಪೂರ್ತಿ ಬಿಚ್ಚಿ, ತೊಳೆದು, ಅಳತೆ ನೋಡಿ ಜೋಡಿಸಿದರೆ ಬದುಕೀತು. ಉಳಿದದ್ದಕ್ಕೆ ನಮ್ಮ ಗ್ಯಾರೇಜಿನ ಹಳೇ ಸೂತ್ರ: ಒಂದರ ಪಾರ್ಟ್ ಕಿತ್ತು ಇನ್ನೊಂದಕ್ಕೆ ಹಾಕು. ಕಾನ್ಪುರದಲ್ಲಿ ಮಾಡಿದ್ದು ಒಂದು ಹಾರಾಟಕ್ಕೆ ಸಾಕಾಗುವಷ್ಟು ರಿಪೇರಿ ಮಾತ್ರ. ಅಲ್ಲಿಂದ ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಪೂರ್ತಿ ಓವರ್‌ಹಾಲ್. ಹಾರಿಸಿದ್ದು ಟೆಸ್ಟ್ ಪೈಲಟ್ ಜಮ್‌ಶೆಡ್ ಕೈಕೊಬಾದ್ ಮುನ್ಷಿ. ಸುತ್ತಿಗೆ ಏಟು ತಿಂದ ವಿಮಾನದಲ್ಲಿ ಕೂತು ದೇಶದ ಅರ್ಧ ಭಾಗ ದಾಟೋದು, ಅದೂ ಮತ್ತೆ ಮತ್ತೆ!

1948ರ ನವೆಂಬರ್‌ನಲ್ಲಿ ಈ ವಿಮಾನಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಒಟ್ಟು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಹೀಗೆ ಎದ್ದವು. ಕೊನೆಯವು ಸೇವೆ ಮುಗಿಸಿದ್ದು 1968ರಲ್ಲಿ. ಅಷ್ಟರಲ್ಲಿ ಉಳಿದ ದೇಶಗಳು ತಮ್ಮದನ್ನು ಕರಗಿಸಿಯಾಗಿತ್ತು. ಹಾಗಾಗಿ ಬ್ರಿಟನ್‌ನ ಆರ್‌ಎಎಫ್ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಅಮೆರಿಕದ ಅರಿಜೋನಾ, ಎಲ್ಲರೂ ಭಾರತದ್ದನ್ನೇ ಪಡೆದರು. ನಾಶ ಮಾಡಲು ಹೊರಟ ವಾಯುಪಡೆಯ ಮ್ಯೂಸಿಯಂನಲ್ಲಿ ಇವತ್ತು ನಿಂತಿರೋದು ನಾವು ಉಳಿಸಿದ ವಿಮಾನ.

ನನ್ನ ತಕರಾರು ಇರುವುದು ಇನ್ನೊಂದರ ಬಗ್ಗೆ. 44-44052 ಸಂಖ್ಯೆಯ ಲಿಬರೇಟರ್ ಕೂಡ ಹೀಗೇ ಭಾರತದಲ್ಲಿ ಎದ್ದು ಹಾರಿದ್ದು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ 1984ರಲ್ಲಿ ಅದನ್ನು ಕೊಂಡು, ವರ್ಷಗಟ್ಟಲೆ ದುಡಿದು, 1989ರಲ್ಲಿ ಮತ್ತೆ ಹಾರಿಸಿತು. ಅದ್ಭುತ ಕೆಲಸ, ಸಂಶಯವಿಲ್ಲ. ಆದರೆ ಬಳಿದ ಬಣ್ಣ? ಮೊದಲು ‘ಆಲ್ ಅಮೆರಿಕನ್’, ಕೊನೆಗೆ ‘ವಿಚ್‌ಕ್ರಾಫ್ಟ್’. ಎರಡೂ ಬೇರೆ ಅಮೆರಿಕನ್ ಬಾಂಬರ್‌ಗಳ ವೇಷ. ಇದು ಯುದ್ಧದಲ್ಲಿ ಹಾರಿದ್ದು ಬ್ರಿಟಿಷರ ಕೈಯಲ್ಲಿ, ಆಮೇಲೆ ಇಪ್ಪತ್ತು ವರ್ಷ ನಮ್ಮವರ ಕೈಯಲ್ಲಿ. ಹಳೆಯ ಅಮೆರಿಕನ್ ಯೋಧರಿಗೆ ಗೌರವ ಅನ್ನೋ ವಾದ ಅರ್ಥವಾಗುತ್ತೆ, ಒಪ್ಪಿಗೆಯಾಗಲ್ಲ. ಎಸ್ಟೋನಿಯಾದ ಟ್ಯಾಂಕಿನ ಮೇಲಿನ ಶಿಲುಬೆಯನ್ನು ಉಜ್ಜಿ ತೆಗೆದರೆ ಅದರ ಅರ್ಧ ಕತೆಯೇ ಹೋದಂತೆ. ಇಲ್ಲಿ ಆಗಿದ್ದು ಅದೇ.

ಬೇರೆಯವರನ್ನು ದೂರಿ ಏನು ಮಾಡೋಣ, ಪೈಲಟ್ ಹೆಸರು ಬಿಟ್ಟರೆ ಆ ಮರಳು ತೊಳೆದ ಫಿಟ್ಟರ್‌ಗಳಲ್ಲಿ ಒಬ್ಬರ ಹೆಸರೂ ನಮ್ಮ ಬಾಯಲ್ಲಿಲ್ಲ. ಆಗ ಇಪ್ಪತ್ತರ ಹುಡುಗರಾಗಿದ್ದವರು ಬದುಕಿದ್ದರೆ ಈಗ ತೊಂಬತ್ತೈದು ದಾಟಿರಬೇಕು. ನಿಮ್ಮ ತಾತ, ಮುತ್ತಾತ ನಲವತ್ತರ ದಶಕದಲ್ಲಿ ಎಚ್‌ಎಎಲ್‌ನಲ್ಲಿ ಇದ್ದರಾ? ಅಟ್ಟದ ಮೇಲಿನ ಟ್ರಂಕನ್ನು ಈ ಭಾನುವಾರ ಇಳಿಸಿ ನೋಡಿ. ಗೇಟ್ ಪಾಸು, ಒಂದು ಗುಂಪು ಫೋಟೋ, ಸಂಬಳದ ಚೀಟಿ, ಏನೇ ಸಿಕ್ಕರೂ ನನಗೆ ಬರೆದು ತಿಳಿಸಿ.