ಹುಲಿಯ ಮುಂದೆ ನಿಂತ ಹಸುವನ್ನು ಹೇಗೆ ಬರೆಯುವುದು?

ಹಾವೇರಿ ಜಿಲ್ಲೆಯ ಮಾಸೂರಿನ ಶಾಲೆಯಾಗಲಿ, ಬೆಂಗಳೂರಿನ ಶಾಲೆಯಾಗಲಿ, ಗೋವಿನ ಹಾಡು ಕೇಳಿದ ಕನ್ನಡದ ಮಗುವಿಗೆ ಪುಣ್ಯಕೋಟಿಯ ಮುಖ ಹೇಗಿತ್ತೆಂದು ಗೊತ್ತೇ ಇರುತ್ತದೆ. ಯಾರೂ ತೋರಿಸಿರುವುದಿಲ್ಲ; ಪಠ್ಯಪುಸ್ತಕದ ಒಂದು ಚಿತ್ರ, ಮಿಕ್ಕಿದ್ದೆಲ್ಲ ಮಗುವಿನ ಕಲ್ಪನೆ. ಆನಿಮೇಷನ್ ಕಲಾವಿದರ ಕಷ್ಟ ಶುರುವಾಗುವುದು ಇಲ್ಲಿಂದಲೇ.

ಬೆಂಗಳೂರಿನ ವಿ. ರವಿಶಂಕರ್ ಆ ಕಷ್ಟವನ್ನು ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಅವರ ‘ಪುಣ್ಯಕೋಟಿ’ ಸಂಸ್ಕೃತದಲ್ಲಿ ಬಂದ ಆನಿಮೇಷನ್ ಚಿತ್ರ. ಜನರಿಂದ ಹಣ ಕೂಡಿಸಿ ಮಾಡಿದ ಈ ಚಿತ್ರಕ್ಕೆ ಇಳಯರಾಜಾ ಸಂಗೀತ ಕೊಟ್ಟರು, ರೇವತಿ ಹಸುವಿಗೆ ದನಿಯಾದರು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡಿತು. ಒಂದೇ ಹಾಡಿನಲ್ಲಿ ಮುಗಿಯುವ ಕಥೆಯನ್ನು ಪೂರ್ತಿ ಸಿನಿಮಾ ಆಗಿಸುವುದು ಹುಡುಗಾಟವಲ್ಲ. ಪುಸ್ತಕದ ಚಿತ್ರಕಾರ ಹಸುವಿನ ಕಣ್ಣಲ್ಲಿ ಒಂದು ಹನಿ ಬರೆದರೆ ಸಾಕು. ಆನಿಮೇಷನ್‌ನಲ್ಲಿ ಆ ಹನಿ ಯಾವಾಗ ತುಂಬಿತು, ಎಷ್ಟು ಹೊತ್ತು ನಿಂತಿತು, ರೆಪ್ಪೆ ಮುಚ್ಚಿದ ಮೇಲೆ ಎತ್ತ ಜಾರಿತು ಎಂಬುದನ್ನೂ ತೀರ್ಮಾನಿಸಬೇಕು. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಕಲೆ ಇದು.

ಇದಕ್ಕೆ ನೆರವಾಗುವ ದೊಡ್ಡ ಗುರು ನಮ್ಮಲ್ಲೇ ಇದೆ: ತೊಗಲುಗೊಂಬೆ. ಹದ ಮಾಡಿದ ತೊಗಲು ಬೆಳಕು ಹಾಯುವಷ್ಟು ತೆಳು. ಅದರ ಮೇಲೆ ಕೆಂಪು, ಹಸಿರು, ಕಪ್ಪು ಬಣ್ಣ. ಒಡವೆ, ಸೀರೆಯ ಅಂಚು ಇರುವಲ್ಲೆಲ್ಲ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತು. ಹಿಂದೆ ದೀಪವಿಟ್ಟರೆ ತೂತುಗಳೇ ಆಭರಣವಾಗಿ ಮಿನುಗುತ್ತವೆ. ಕೆಲವು ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ದೃಶ್ಯ ಮೂಡಿರುತ್ತದೆ. ಇನ್ನು ಕೆಲವಕ್ಕೆ ಕೀಲು ಕೂಡಿಸಿದ ಕೈ. ಅದೊಂದು ಆಡಿದರೆ ಸಾಕು, ಪಾತ್ರ ಮಾತಾಡಿದಂತೆಯೇ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಬಾಳೆಲ್ಲ ಈ ಆಟವನ್ನೇ ಆಡಿಸಿಕೊಂಡು ಬಂದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಜರ್ಮನಿಯ ಲೋಟೆ ರೈನಿಗರ್ ಹಿಡಿದದ್ದೂ ನೆರಳಿನ ದಾರಿಯನ್ನೇ. ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿ, ಕೀಲು ಕಟ್ಟಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಗೊಂಬೆಗಳನ್ನು ಕೂದಲೆಳೆಯಷ್ಟೇ ಸರಿಸುತ್ತ ಒಂದೊಂದೇ ಚೌಕಟ್ಟು ಚಿತ್ರೀಕರಿಸಿ, ಅರೇಬಿಯನ್ ನೈಟ್ಸ್ ಕಥೆಗಳಿಂದ 1926ರಲ್ಲಿ ‘ಪ್ರಿನ್ಸ್ ಅಹ್ಮದ್’ ಚಿತ್ರ ಮಾಡಿದರು. ಡಿಸ್ನಿಯ ‘ಸ್ನೋ ವೈಟ್’ ಬಂದದ್ದು ಅದಾದ ಹನ್ನೊಂದು ವರ್ಷಕ್ಕೆ. ಆ ಚಿತ್ರದ ಕಾಡು, ಮನೆಗಳ ಹಿಂದೆಯೂ ಕಥೆಪುಸ್ತಕದ ಚಿತ್ರಕಾರನೊಬ್ಬನಿದ್ದಾನೆ, ಸ್ವೀಡನ್ನಿನ ಗುಸ್ತಾಫ್ ಟೆಂಗ್ರೆನ್.

ನಮಗೆ ಅಂಥ ಚಿತ್ರಕಾರರನ್ನು ಕೊಟ್ಟದ್ದು ‘ಚಂದಮಾಮ’ ಪತ್ರಿಕೆ. 2020ರಲ್ಲಿ ತೀರಿಕೊಂಡ ಶಂಕರ್ ಅವರ ವಿಕ್ರಮ-ಬೇತಾಳ ಚಿತ್ರ ಯಾರಿಗೆ ನೆನಪಿಲ್ಲ? ಕೈಯಲ್ಲಿ ಖಡ್ಗ, ಹೆಗಲ ಮೇಲೆ ಶವ, ಮುಂದಿಟ್ಟ ಹೆಜ್ಜೆ. ನಿಂತ ಚಿತ್ರವಾದರೂ ಹಿಂದಿನ ಹೆಜ್ಜೆಯೂ ಮುಂದಿನ ಹೆಜ್ಜೆಯೂ ಅದರಲ್ಲೇ ಕಾಣುತ್ತವೆ. ಆನಿಮೇಷನ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕಥೆಗಳಿಗಂತೂ ಬರವಿಲ್ಲ. ಮಾಸೂರು ಇರುವ ಹಾವೇರಿ ಜಿಲ್ಲೆಯಲ್ಲೇ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಕೂಡ ಅದೇ ಊರಿನದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದರಲ್ಲಿ ಹುಡುಗಿಯ ಮೇಲೆ ಒಂದು ಕೊಡ ನೀರು ಸುರಿದರೆ ಹೂವಿನ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಸಿನಿಮಾ ಮಾಡಿದರು. ಮನುಷ್ಯ ದೇಹ ಮರವಾಗುವುದನ್ನು ಕ್ಯಾಮೆರಾ ನೇರವಾಗಿ ಹಿಡಿಯಲಾರದು. ಬೆರಳು ಕೊಂಬೆಯಾಗಿ, ಜಡೆ ಬೀಳಲಾಗಿ ಮಾರ್ಪಡುವುದನ್ನು ಎಲ್ಲೂ ಕಡಿಯದೆ ತೋರಿಸಬಲ್ಲದ್ದು ಆನಿಮೇಷನ್ ಮಾತ್ರ. ಹೂ ಕೊಯ್ಯುವಾಗ ಉಗುರು ತಾಗಿಸಬೇಡ ಎಂದು ಆ ಹುಡುಗಿ ಬೇಡಿಕೊಳ್ಳುತ್ತಾಳೆ. ಆದರೂ ನಾದಿನಿಯ ಗೆಳತಿಯರು ಕೊಂಬೆ ಮುರಿಯುತ್ತಾರೆ. ಅವಳು ಕೈಕಾಲಿಲ್ಲದ ದೇಹವಾಗಿ ಉಳಿಯುತ್ತಾಳೆ. ಈ ಕಥೆಯನ್ನು ಕೈಗೆತ್ತಿಕೊಳ್ಳುವ ಕಲಾವಿದರು ಹೂವಿನಷ್ಟೇ ಶ್ರದ್ಧೆಯಿಂದ ಆ ಗಾಯವನ್ನೂ ಬರೆಯಬೇಕಾಗುತ್ತದೆ.